ಕನ್ನಡ ಬಲ್ಲ ನೋಟರಿ ಬೇಕಾಗಿದ್ದಾರೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಮಗಳ ಮನೆಯಲ್ಲಿರುವ ನಮ್ಮ ದೊಡ್ಡಮ್ಮನಿಗೆ ಒಂದು ಜಿಪಿಎ, ಅಂದರೆ ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಪವರ್ ಆಫ್ ಅಟಾರ್ನಿ ಪತ್ರ ಮಾಡಿಸಬೇಕಿತ್ತು. ಹಾಸನದ ಕಡೆ ಇರುವ ಜಮೀನಿನ ಪಾಲು ಪಾರಿಖತ್ತು ನಡೆಯುತ್ತಿತ್ತು. ಮಂಡಿ ನೋವಿಟ್ಟುಕೊಂಡು ಊರಿಗೆ ಓಡಾಡೋದು ಅವರಿಂದ ಆಗುವ ಕೆಲಸವಲ್ಲ. ತಮ್ಮನಿಗೆ ಅಧಿಕಾರ ಕೊಟ್ಟು, ನೋಟರಿ ಸೀಲು ಹಾಕಿಸಿ ಕಾಗದ ಕಳಿಸಿ ಸಾಕು ಎಂದು ಊರಿನ ವಕೀಲರು ಹೇಳಿದ್ದರು. ಆಗ ನಾನೂ ಅಲ್ಲೇ ಇದ್ದೆ. ಮನೆ ಹತ್ತಿರದ ಪಾರ್ಸೆಲ್ ಅಂಗಡಿಯಲ್ಲಿ ನೋಟರಿ ಇದ್ದಾರೆ ಅಂತ ಮೂವರೂ ಹೊರಟೆವು.

ಅಲ್ಲಿದ್ದ ನೋಟರಿ ದೊಡ್ಡಮ್ಮನ ಪಾಸ್‌ಪೋರ್ಟ್ ನೋಡಿದರು. ನಗುತ್ತಲೇ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಿದರು. ಈ ಕಾಗದಕ್ಕೆ ನೀವೇ ಒಪ್ಪಿ ಸಹಿ ಹಾಕುತ್ತಿದ್ದೀರಾ ಎಂದು. ದೊಡ್ಡಮ್ಮ ಮಗಳ ಮುಖ ನೋಡಿದರು. ಅಕ್ಕ ಅದನ್ನೇ ಕನ್ನಡದಲ್ಲಿ ಹೇಳಲು ಶುರು ಮಾಡಿದಳು. ಅಷ್ಟಕ್ಕೇ ನೋಟರಿ ತಮ್ಮ ಪುಸ್ತಕ ಮುಚ್ಚಿಬಿಟ್ಟರು. ನನ್ನಿಂದ ಆಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ ಎಂದರು.

ಅಕ್ಕನಿಗೆ ಸಿಟ್ಟು ಬಂತು. ನನಗೂ ಸರಿ ಅನ್ನಿಸಲಿಲ್ಲ. ಮನೆಗೆ ಬಂದು ಕೂತು ಓದಿದ ಮೇಲೆ ಗೊತ್ತಾಯಿತು, ಆಕೆ ಮಾಡಿದ್ದೇ ಸರಿ. ಕ್ಯಾಲಿಫೋರ್ನಿಯಾದಲ್ಲಿ ನೋಟರಿಗಳನ್ನು ನೇಮಿಸುವುದು ಆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ. ಆ ಕಚೇರಿಯ ಕೈಪಿಡಿ ಪ್ರಕಾರ ಸಹಿ ಹಾಕುವವರ ಜೊತೆ ನೋಟರಿಗೆ ನೇರವಾಗಿ ಮಾತಾಡಲು ಬರಬೇಕು. ನಡುವೆ ದುಭಾಷಿ ಕೂಡದು. ಸ್ವಂತ ಮಗಳಾದರೂ ಕೂಡದು. ಆದರೆ ಕಾಗದ ಯಾವ ಭಾಷೆಯಲ್ಲಿದ್ದರೂ ತೊಂದರೆ ಇಲ್ಲ! ಕನ್ನಡದಲ್ಲಿ ಬರೆದ ಕಾಗದವಾದರೆ ‘ಪರಭಾಷೆಯ ಕಾಗದ’ ಎಂದು ಪುಸ್ತಕದಲ್ಲಿ ಬರೆದುಕೊಂಡು, ಅದರ ಮೇಲಿನ ಸಹಿಗೆ ಸಾಕ್ಷಿಯಾಗಬಹುದು. ಕಾಗದ ಅರ್ಥವಾಗದಿದ್ದರೂ ನಡೆಯುತ್ತದೆ, ಎದುರಿಗೆ ಕೂತವರ ಮಾತು ಅರ್ಥವಾಗದಿದ್ದರೆ ನಡೆಯುವುದಿಲ್ಲ.

ಅಂದಿನಿಂದ ಒಂದು ವಿಷಯ ನನ್ನ ತಲೆಯಲ್ಲಿ ಕೂತಿದೆ. ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಇನ್ನೂ ಜಾಸ್ತಿ ಜನ ನೋಟರಿಗಳಾಗಬೇಕು. ಅದೂ ಈಗ ಎಲ್ಲೆಡೆ ಮಾತಾಗಿರುವ ಆನ್‌ಲೈನ್ ನೋಟರಿಯಲ್ಲ, ಮೊದಲು ಕಾಗದ, ಶಾಯಿ, ಸೀಲಿನ ನೋಟರಿ. ಆನ್‌ಲೈನ್ ಆಮೇಲೆ ಇದ್ದೇ ಇದೆ.

ನಮ್ಮಲ್ಲಿ ನೋಟರಿ ಅಂದ್ರೆ ವಕೀಲರು. 1952ರ ನೋಟರಿ ಕಾಯ್ದೆ, 1956ರ ನಿಯಮಗಳ ಪ್ರಕಾರ ಕನಿಷ್ಠ 10 ವರ್ಷ ವಕೀಲಿಕೆ ಮಾಡಿರಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ 7 ವರ್ಷ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ 40 ಲಕ್ಷಕ್ಕೂ ಹೆಚ್ಚು ನೋಟರಿಗಳಿದ್ದಾರೆ. ಬ್ಯಾಂಕಿನ ಗುಮಾಸ್ತರು, ಪಾರ್ಸೆಲ್ ಅಂಗಡಿಯವರು, ಲೈಬ್ರರಿಯಲ್ಲಿ ಕೆಲಸ ಮಾಡುವವರು, ನಿವೃತ್ತ ಮೇಷ್ಟ್ರು ಹೀಗೆ ಯಾರು ಬೇಕಾದರೂ ಆಗಬಹುದು. ಲೂಸಿಯಾನಾ ರಾಜ್ಯ ಮಾತ್ರ ಬೇರೆ. ಅಲ್ಲಿ ಫ್ರೆಂಚ್ ಕಾಲದ ಕಾನೂನಿನ ಪದ್ಧತಿ ಉಳಿದಿರುವುದರಿಂದ ನೋಟರಿ ಪತ್ರಗಳನ್ನು ತಯಾರಿಸಲೂಬಹುದು, ಪರೀಕ್ಷೆಯೂ ಬಹಳ ಕಷ್ಟ.

ಈ ವ್ಯತ್ಯಾಸ ಗೊತ್ತಿಲ್ಲದೆ ನಮ್ಮವರು ಎಡವುತ್ತಾರೆ. ‘ಈ ಡ್ರಾಫ್ಟ್ ಸರಿ ಇದೆಯಾ ನೋಡಿ’ ಎಂದು ಅಲ್ಲಿನ ನೋಟರಿಯನ್ನು ಕೇಳಿದರೆ ಅವರು ಬಾಯಿ ಬಿಡುವುದಿಲ್ಲ. ಬಿಟ್ಟರೆ ಅದು ಪರವಾನಗಿ ಇಲ್ಲದೆ ವಕೀಲಿಕೆ ಮಾಡಿದ ಅಪರಾಧ. ಲ್ಯಾಟಿನ್ ಅಮೆರಿಕದಿಂದ ಬಂದವರಿಗೂ ಇದೇ ಪಾಡು. ಅವರ ದೇಶಗಳಲ್ಲಿ ‘ನೊಟಾರಿಯೊ’ ಅಂದರೆ ದೊಡ್ಡ ಕಾನೂನು ಪಂಡಿತ. ಆ ಹೆಸರು ಹೇಳಿಕೊಂಡು ವಲಸಿಗರಿಂದ ದುಡ್ಡು ಕಿತ್ತವರು ಎಷ್ಟೋ ಜನ. ಅದಕ್ಕೇ ಕ್ಯಾಲಿಫೋರ್ನಿಯಾದ ನೋಟರಿ ಜಾಹೀರಾತಿನಲ್ಲಿ ಆ ಸ್ಪ್ಯಾನಿಷ್ ಪದ ಬಳಸುವ ಹಾಗೇ ಇಲ್ಲ.

ಹಾಗಾದರೆ ನೋಟರಿ ಮಾಡುವುದಾದರೂ ಏನು? ಕ್ಯಾಲಿಫೋರ್ನಿಯಾದ ನೋಟರಿ ಪ್ರಮಾಣಪತ್ರದ ತಲೆಯ ಮೇಲೆ ಒಂದು ಚೌಕಟ್ಟು ಇರುತ್ತದೆ. ಸಹಿ ಹಾಕಿದವರು ಯಾರು ಎನ್ನುವುದನ್ನು ಮಾತ್ರ ನೋಟರಿ ಖಚಿತ ಮಾಡಿದ್ದಾರೆ, ಕಾಗದದಲ್ಲಿರುವುದು ನಿಜವೇ, ಸರಿಯೇ ಎನ್ನುವುದನ್ನಲ್ಲ ಎಂಬ ಅರ್ಥದ ಸಾಲು ಅದರಲ್ಲಿದೆ. ಅಂದರೆ ಇಡೀ ಕೆಲಸ ನಿಂತಿರುವುದು ಒಂದೇ ಮಾತಿನ ಮೇಲೆ. ‘ಇವರು ನನ್ನ ಎದುರಿಗೆ ಬಂದರು, ಇವರೇ ಅವರು ಎಂದು ನೋಡಿಕೊಂಡೆ.’

ಇದು ಬರೀ ಶಾಸ್ತ್ರದ ಮಾತು ಅಂದುಕೊಳ್ಳಬೇಡಿ. 1970ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಜುಗರಾಜ್ ಸಿಂಗ್ ಪ್ರಕರಣದಲ್ಲಿ ಇದೇ ಪ್ರಶ್ನೆ ನೋಡಿತ್ತು. ಕ್ಯಾಲಿಫೋರ್ನಿಯಾದಲ್ಲಿದ್ದವರೊಬ್ಬರು ಅಲ್ಲಿನ ನೋಟರಿ ಮುಂದೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದ್ದರು. ಅದರ ಮೇಲೆ ಇಲ್ಲಿ ಜಮೀನಿನ ಪತ್ರವಾಗಿತ್ತು. ಮೊದಲ ಕಾಗದದಲ್ಲಿ ಸಹಿ ಮಾಡಿದವರ ಗುರುತು ನೋಡಿಕೊಂಡಿದ್ದೇನೆ ಎಂದು ನೋಟರಿ ಬರೆದಿರಲಿಲ್ಲ. ಅಲ್ಲೇ ತಕರಾರು ಹುಟ್ಟಿತು. ಆ ಕೊರತೆ ತುಂಬಿ ಮಾಡಿಸಿದ ಎರಡನೇ ಕಾಗದವನ್ನು ಕೋರ್ಟ್ ಒಪ್ಪಿತು. ಹೊರದೇಶದ ನೋಟರಿಯ ದೃಢೀಕರಣವೂ ನಮ್ಮ ನೋಂದಣಿ ಕಾಯ್ದೆಗೆ ನಡೆಯುತ್ತದೆ ಎಂದಿತು. ಒಂದು ಸಾಲು ಬಿಟ್ಟುಹೋದದ್ದಕ್ಕೆ ಸುಪ್ರೀಂ ಕೋರ್ಟ್‌ವರೆಗೆ ಓಡಾಟ!

ಈಗ ನೋಟರಿ ಆಗುವ ದಾರಿಗೆ ಬರೋಣ. ಕನ್ನಡಿಗರು ಜಾಸ್ತಿ ಇರುವ ಕ್ಯಾಲಿಫೋರ್ನಿಯಾವನ್ನೇ ತೆಗೆದುಕೊಳ್ಳುತ್ತೇನೆ. 18 ವರ್ಷ ಆಗಿರಬೇಕು, ಆ ರಾಜ್ಯದಲ್ಲಿ ಕಾನೂನುಬದ್ಧವಾಗಿ ನೆಲೆಸಿರಬೇಕು. ಮೊದಲ ಸಲದವರಿಗೆ 6 ಗಂಟೆಯ ತರಬೇತಿ, ಆಮೇಲೆ ಬರವಣಿಗೆಯ ಪರೀಕ್ಷೆ. ಪರೀಕ್ಷೆಗೂ ಅರ್ಜಿಗೂ ಸೇರಿ 40 ಡಾಲರ್. ಬೆರಳಚ್ಚು ಕೊಡಬೇಕು, ಅದು ರಾಜ್ಯದ ನ್ಯಾಯ ಇಲಾಖೆಗೂ ಎಫ್‌ಬಿಐಗೂ ಹೋಗುತ್ತದೆ. ಎಲ್ಲ ಸರಿಯಿದ್ದರೆ 4 ವರ್ಷದ ನೇಮಕ ಪತ್ರ ಬರುತ್ತದೆ.

ಪತ್ರ ಕೈಗೆ ಬಂತು ಅಂತ ಸುಮ್ನೆ ಕೂರುವಂತಿಲ್ಲ. ಅವಧಿ ಶುರುವಾದ 30 ದಿನದೊಳಗೆ 15,000 ಡಾಲರ್‌ಗಳ ಬಾಂಡ್ ಮಾಡಿಸಿ, ಪ್ರಮಾಣವಚನದ ಜೊತೆ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕ್ಲರ್ಕ್ ಕಚೇರಿಗೆ ಸಲ್ಲಿಸಬೇಕು. ಗಡುವು ದಾಟಿದರೆ ನೇಮಕವೇ ಬಿದ್ದುಹೋಗುತ್ತದೆ. ಮತ್ತೆ ಅರ್ಜಿಯಿಂದ ಶುರು. 15,000 ಎಂದು ಹೆದರಬೇಕಿಲ್ಲ, ನಾವು ಕಟ್ಟುವುದು ಅದರ ಸಣ್ಣ ಪ್ರೀಮಿಯಂ ಮಾತ್ರ. ಆದರೆ ಆ ಬಾಂಡ್ ನೋಟರಿಯ ರಕ್ಷಣೆಗೆ ಇರುವುದಲ್ಲ, ಜನರ ರಕ್ಷಣೆಗೆ. ನೋಟರಿಯ ತಪ್ಪಿನಿಂದ ಯಾರಿಗಾದರೂ ನಷ್ಟವಾಗಿ ಬಾಂಡ್ ಕಂಪನಿ ದುಡ್ಡು ಕೊಟ್ಟರೆ, ಅದನ್ನು ನೋಟರಿಯಿಂದಲೇ ವಸೂಲಿ ಮಾಡುತ್ತದೆ. ತಮ್ಮ ಭದ್ರತೆಗೆ ಬೇರೆಯೇ ವಿಮೆ ಮಾಡಿಸಿಕೊಳ್ಳುವುದು ಒಳ್ಳೆಯದು.

ನನಗೆ ತುಂಬಾ ಇಷ್ಟವಾದದ್ದು ಆ ರಾಜ್ಯದ ಜರ್ನಲ್ ಪುಸ್ತಕದ ನಿಯಮ. ಪ್ರತಿಯೊಂದು ಸಹಿಗೂ ದಿನ, ಹೊತ್ತು, ಯಾವ ಕಾಗದ, ಯಾವ ಗುರುತಿನ ಚೀಟಿ, ಎಷ್ಟು ಶುಲ್ಕ ಎಲ್ಲ ಬರೆಯಬೇಕು. ಆಸ್ತಿ ಪತ್ರ, ಪವರ್ ಆಫ್ ಅಟಾರ್ನಿ ಆದರೆ ಸಹಿ ಮಾಡಿದವರ ಬಲಗೈ ಹೆಬ್ಬೆಟ್ಟನ್ನೂ ಒತ್ತಿಸಿಕೊಳ್ಳಬೇಕು. ಪುಸ್ತಕವನ್ನು ಬೀಗ ಹಾಕಿ ಇಡಬೇಕು. ಕೆಲಸ ಬಿಟ್ಟ 30 ದಿನದೊಳಗೆ ಅದನ್ನು ಕೌಂಟಿ ಕ್ಲರ್ಕ್‌ಗೆ ಒಪ್ಪಿಸಬೇಕು.

ಟೆಕ್ಸಸ್‌ನಲ್ಲೂ ನೇಮಕ 4 ವರ್ಷಕ್ಕೇ, ಬಾಂಡ್ 10,000 ಡಾಲರ್. ಈ ರಾಜ್ಯದ ಕಥೆಯೊಂದನ್ನು ನಮ್ಮವರು ತಿಳಿದಿರಬೇಕು. ಹಿಂದೆ ಅಲ್ಲಿ ಅಮೆರಿಕದ ಪೌರರು ಮಾತ್ರ ನೋಟರಿ ಆಗಬಹುದಿತ್ತು. ಮೆಕ್ಸಿಕೊದಿಂದ ಬಂದು, ಕೂಲಿ ಕಾರ್ಮಿಕರಿಗೆ ಕಾನೂನು ನೆರವು ಕೊಡುವ ಸಂಸ್ಥೆಯಲ್ಲಿ ದುಡಿಯುತ್ತಿದ್ದ ಒಬ್ಬರು ಇದನ್ನು ಕೋರ್ಟಿನಲ್ಲಿ ಪ್ರಶ್ನಿಸಿದರು. ಅವರಿಗೂ ಬೇಕಿದ್ದದ್ದು ತಮ್ಮ ಜನರ ಕಾಗದಗಳಿಗೆ ಸಾಕ್ಷಿಯಾಗುವ ಅಧಿಕಾರವೇ. 1984ರಲ್ಲಿ ಬರ್ನಾಲ್ ವಿರುದ್ಧ ಫೇಂಟರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ನಿಯಮವನ್ನು ತಳ್ಳಿಹಾಕಿತು. ಇವತ್ತು ಗ್ರೀನ್ ಕಾರ್ಡ್ ಇರುವ ಕನ್ನಡಿಗರು ಅಲ್ಲಿ ನೋಟರಿ ಆಗಬಹುದಾದರೆ ಅದರ ಹಿಂದೆ ಆ ತೀರ್ಪಿದೆ. ಎಚ್1ಬಿ ವೀಸಾದಲ್ಲಿ ಇರುವವರು ಮಾತ್ರ ಹುಷಾರಾಗಿರಬೇಕು. ವೀಸಾ ಕೊಡಿಸಿದ ಕಂಪನಿ ಬಿಟ್ಟು ಹೊರಗೆ ಸಂಪಾದಿಸುವಂತಿಲ್ಲ. ನೋಟರಿ ಶುಲ್ಕ 15 ಡಾಲರ್ ಆದರೂ ಅದು ಸಂಪಾದನೆಯೇ. ವಲಸೆ ವಕೀಲರನ್ನು ಕೇಳದೆ ಕೈ ಹಾಕಬೇಡಿ.

ಇನ್ನು ಆನ್‌ಲೈನ್ ನೋಟರಿ. ಸಹಿ ಹಾಕುವವರು ಒಂದು ಕಡೆ, ನೋಟರಿ ಇನ್ನೊಂದು ಕಡೆ, ನಡುವೆ ವಿಡಿಯೊ ಕರೆ. ಇದನ್ನು ಮೊದಲು ಒಪ್ಪಿದ ರಾಜ್ಯ ವರ್ಜೀನಿಯಾ. 2011ರಲ್ಲಿ ಕಾನೂನು ಮಾಡಿ 2012ರ ಜುಲೈಯಿಂದ ಜಾರಿಗೆ ತಂದಿತು. ಟೆಕ್ಸಸ್‌ನಲ್ಲಿ ಶುರುವಾದದ್ದು 2018ರ ಜುಲೈಯಲ್ಲಿ. ಇನ್ನೂ ಎಷ್ಟೋ ರಾಜ್ಯಗಳು ಮೀನ ಮೇಷ ಎಣಿಸುತ್ತಿದ್ದಾಗ 2020ರಲ್ಲಿ ಕೊರೊನಾ ಬಂತು. ಸಾಯುವ ಮುಂಚೆ ಉಯಿಲಿಗೆ ಸಹಿ ಹಾಕಬೇಕಾದವರು ಆಸ್ಪತ್ರೆಯೊಳಗೆ, ನೋಟರಿ ಹೊರಗೆ. ರಾಜ್ಯಗಳು ತುರ್ತು ಆದೇಶ ಹೊರಡಿಸಿದವು. ಆಮೇಲೆ ಒಂದೊಂದಾಗಿ ಕಾಯಂ ಕಾನೂನು ಮಾಡಿದವು. ಈಗ 40ಕ್ಕೂ ಹೆಚ್ಚು ರಾಜ್ಯಗಳಲ್ಲಿ ಇದು ನಡೆಯುತ್ತದೆ. ಇಡೀ ದೇಶಕ್ಕೆ ಒಂದೇ ನಿಯಮ ತರುವ ಮಸೂದೆಯನ್ನು 2023ರ ಫೆಬ್ರವರಿಯಲ್ಲಿ ಅಲ್ಲಿನ ಕೆಳಮನೆ ಒಪ್ಪಿತಾದರೂ ಸೆನೆಟ್ ದಾಟಲಿಲ್ಲ.

ಆನ್‌ಲೈನ್ ನೋಟರಿ ಆಗಲು ಸಾಮಾನ್ಯವಾಗಿ ಮೊದಲು ಮಾಮೂಲಿ ನೋಟರಿ ಆಗಿರಬೇಕು. ಟೆಕ್ಸಸ್‌ನಲ್ಲಿ ಮೇಲೆ 50 ಡಾಲರ್ ಕಟ್ಟಿ ಇನ್ನೊಂದು ಅರ್ಜಿ ಹಾಕಬೇಕು. ಡಿಜಿಟಲ್ ಸಹಿಯ ಪ್ರಮಾಣಪತ್ರ, ಡಿಜಿಟಲ್ ಸೀಲು ಕೊಳ್ಳಬೇಕು. ವಿಡಿಯೊ ಕರೆ ನಡೆಸಿಕೊಡುವ ಒಂದು ವೇದಿಕೆಗೆ ಸೇರಬೇಕು. ಪ್ರತಿ ಕರೆಯನ್ನೂ ದಾಖಲು ಮಾಡಿ ವರ್ಷಗಟ್ಟಲೆ ಕಾಪಾಡಬೇಕು, ಟೆಕ್ಸಸ್‌ನಲ್ಲಿ 5 ವರ್ಷ, ನ್ಯೂಯಾರ್ಕ್‌ನಲ್ಲಿ 10. ನೋಟರಿ ತನ್ನ ರಾಜ್ಯದೊಳಗೇ ಕೂತಿರಬೇಕು, ಸಹಿ ಹಾಕುವವರು ಎಲ್ಲಿ ಬೇಕಾದರೂ ಇರಬಹುದು.

ಇದರಿಂದ ಲಾಭ ಪಡೆದ ಕನ್ನಡಿಗರೂ ಇದ್ದಾರೆ. 20 ವರ್ಷ ಆಸ್ಟಿನ್‌ನಲ್ಲಿದ್ದು ಬೆಂಗಳೂರಿಗೆ ವಾಪಸ್ ಬಂದ ಕುಟುಂಬ, ಅಲ್ಲಿರುವ ಮನೆ ಮಾರಬೇಕು ಅಂದುಕೊಳ್ಳಿ. ಮೊದಲಾಗಿದ್ದರೆ ಚೆನ್ನೈನ ಅಮೆರಿಕನ್ ಕಾನ್ಸುಲೇಟ್‌ನಲ್ಲಿ ಸಮಯ ಹಿಡಿದು ಹೋಗಬೇಕಿತ್ತು. ಒಂದೊಂದು ಸೀಲಿಗೆ 50 ಡಾಲರ್. ಈಗ ಮಾರಾಟದ ಕಾಗದಪತ್ರ ನೋಡಿಕೊಳ್ಳುವ ಟೈಟಲ್ ಕಂಪನಿ ಒಪ್ಪಿದರೆ ಜಯನಗರದ ಮನೆಯಲ್ಲೇ ಕೂತು ಸಹಿ ಹಾಕಬಹುದು. ಅಮೆರಿಕದ ಕಾಗದ ಅಮೆರಿಕದಲ್ಲೇ ಬಳಕೆಯಾಗುವಾಗ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ.

ಆದರೆ ಅಮೆರಿಕದ ಕಾಗದ ಹಾಸನಕ್ಕೆ ಬರಬೇಕಾದಾಗ? ಅಲ್ಲಿ ಇದೇ ವ್ಯವಸ್ಥೆ ಮೂರು ಕಡೆ ಮುಗ್ಗರಿಸುತ್ತದೆ.

ಒಂದು, ಗುರುತು. ಟೆಕ್ಸಸ್‌ನ ನಿಯಮದಲ್ಲಿ ಗುರುತಿನ ಚೀಟಿಯ ಜೊತೆಗೆ ಒಂದು ಪ್ರಶ್ನೆಪತ್ರಿಕೆಯೂ ಇದೆ. ಕನಿಷ್ಠ 5 ಪ್ರಶ್ನೆ, 2 ನಿಮಿಷ, ಶೇಕಡಾ 80ರಷ್ಟು ಸರಿ ಉತ್ತರ. ನೀವು ಹಿಂದೆ ಯಾವ ಬೀದಿಯಲ್ಲಿದ್ದಿರಿ, ಯಾವ ಕಾರಿತ್ತು, ಎಲ್ಲಿ ಸಾಲ ಮಾಡಿದ್ದಿರಿ ಇಂಥ ಪ್ರಶ್ನೆಗಳು. ಅಮೆರಿಕದ ಸಾಲ, ಆಸ್ತಿ ದಾಖಲೆಗಳಿಂದ ಯಂತ್ರವೇ ಹೆಕ್ಕುತ್ತದೆ. ಮಗಳ ಮನೆಗೆ ಬಂದಿರುವ ದೊಡ್ಡಮ್ಮನ ಹೆಸರಿನಲ್ಲಿ ಅಲ್ಲಿ ಕಾರೂ ಇಲ್ಲ, ಸಾಲವೂ ಇಲ್ಲ. ಕೇಳಲು ಪ್ರಶ್ನೆಯೇ ಹುಟ್ಟುವುದಿಲ್ಲ. ಹೊಸದಾಗಿ ಹೋದ ಹುಡುಗರಿಗೂ ಇದೇ ಕಥೆ. ಅದೇ ಮಾಮೂಲಿ ನೋಟರಿ ಮುಂದಾದರೆ ಭಾರತದ ಪಾಸ್‌ಪೋರ್ಟ್ ತೋರಿಸಿದರೆ ಕ್ಯಾಲಿಫೋರ್ನಿಯಾದಲ್ಲಿ ಸಾಕು.

ಎರಡು, ನಮ್ಮ ಕಾನೂನು. ಇದು ಎಲ್ಲಕ್ಕಿಂತ ದೊಡ್ಡ ಅಡ್ಡಿ, ಮತ್ತು ಜಾಸ್ತಿ ಜನರಿಗೆ ಗೊತ್ತಿಲ್ಲದ್ದು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ವಿದ್ಯುನ್ಮಾನ ಕಾಗದಕ್ಕೂ ಸಹಿಗೂ ಮಾನ್ಯತೆ ಕೊಟ್ಟಿತು. ಆದರೆ ಕೆಲವು ಕಾಗದಗಳನ್ನು ಹೊರಗಿಟ್ಟಿತು. ಪವರ್ ಆಫ್ ಅಟಾರ್ನಿ, ಟ್ರಸ್ಟ್, ಉಯಿಲು ಆ ಪಟ್ಟಿಯಲ್ಲಿವೆ. 2022ರಲ್ಲಿ ಪಟ್ಟಿಯನ್ನು ಸಡಿಲ ಮಾಡಿದರು. ಬ್ಯಾಂಕು, ವಿಮೆ, ಷೇರುಪೇಟೆಯಂಥ ನಿಯಂತ್ರಿತ ಸಂಸ್ಥೆಗಳಿಗೆ ಬರೆದುಕೊಡುವ ಪವರ್ ಆಫ್ ಅಟಾರ್ನಿಯನ್ನು ಪಟ್ಟಿಯಿಂದ ತೆಗೆದರು. ಅಕ್ಕ ತಮ್ಮನಿಗೆ ಬರೆದುಕೊಡುವ ಕಾಗದ ಇನ್ನೂ ಪಟ್ಟಿಯಲ್ಲೇ ಇದೆ. ಹೀಗಾಗಿ ಆನ್‌ಲೈನ್ ನೋಟರಿ ಮುಂದೆ ಡಿಜಿಟಲ್ ಸಹಿ ಹಾಕಿದ ಜಿಪಿಎ, ಅಮೆರಿಕದಲ್ಲಿ ಎಷ್ಟೇ ಸಿಂಧುವಾಗಿದ್ದರೂ, ಇಲ್ಲಿ ಜಮೀನಿನ ಕೆಲಸಕ್ಕೆ ನೆಚ್ಚಿಕೊಳ್ಳುವಂಥದ್ದಲ್ಲ. ಪ್ರಿಂಟ್ ತೆಗೆದರೂ ಅದು ಪ್ರತಿಯೇ, ಮೂಲವಲ್ಲ.

ಮೂರು, ಅಪಾಸ್ಟಿಲ್. ಒಂದು ದೇಶದ ಸಾರ್ವಜನಿಕ ಕಾಗದವನ್ನು ಇನ್ನೊಂದು ದೇಶ ಒಪ್ಪಲು 1961ರಲ್ಲಿ ಹೇಗ್‌ನಲ್ಲಿ ಆದ ಒಪ್ಪಂದದಂತೆ ಲಗತ್ತಿಸುವ ದೃಢೀಕರಣ ಪತ್ರ ಅದು. ಆ ಒಪ್ಪಂದ ಭಾರತದಲ್ಲಿ 2005ರಿಂದ ಜಾರಿಯಲ್ಲಿದೆ. ಕ್ಯಾಲಿಫೋರ್ನಿಯಾದಲ್ಲಿ 20 ಡಾಲರ್ ಕೊಟ್ಟರೆ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯವರು ನೋಟರಿಯ ಸಹಿ, ಸೀಲನ್ನು ಖಚಿತ ಮಾಡಿ ಮೇಲೊಂದು ಪತ್ರ ಲಗತ್ತಿಸುತ್ತಾರೆ. ಶಾಯಿಯ ಸಹಿ ಇರುವ ಕಾಗದಕ್ಕೆ ಇದು ಸಲೀಸು. ಡಿಜಿಟಲ್ ಕಾಗದಕ್ಕೆ ರಾಜ್ಯಕ್ಕೊಂದು ರೀತಿ. ಭಾರತದ ಕಾನ್ಸುಲೇಟ್ ಮುಂದೆ ಸಹಿ ಮಾಡುವ ದಾರಿಯೂ ಇದೆ, ನೋಂದಣಿ ಕಾಯ್ದೆಯ 33ನೇ ಕಲಂ ಅದನ್ನೂ ಒಪ್ಪುತ್ತದೆ. ಕಾಗದ ಕರ್ನಾಟಕಕ್ಕೆ ತಲುಪಿದ 3 ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಿಸಬೇಕು ಎನ್ನುವುದನ್ನು ಮರೆಯಬೇಡಿ. ಎಷ್ಟೋ ಮನೆಗಳಲ್ಲಿ ಕಾಗದ ಬಂದು ಬೀರುವಿನಲ್ಲಿ ಕೂತು, ಗಡುವು ದಾಟಿ, ಮತ್ತೆ ಮೊದಲಿನಿಂದ ಮಾಡಿಸಿದ್ದಾರೆ.

ಹಾಗಂತ ಆನ್‌ಲೈನ್ ಎಂದರೆ ಮೋಸ, ಕಾಗದ ಎಂದರೆ ಭದ್ರ ಎಂದು ನಾನು ಹೇಳುತ್ತಿಲ್ಲ. 2024ರಲ್ಲಿ ಹೆಸರಾಂತ ಗಾಯಕ ಎಲ್ವಿಸ್ ಪ್ರೀಸ್ಲಿಯ ಮನೆ ಗ್ರೇಸ್‌ಲ್ಯಾಂಡ್‌ನ ಹರಾಜಿಗೆ ನೋಟಿಸ್ ಬಂತು. ತೀರಿಹೋಗಿದ್ದ ಅವರ ಮಗಳು ಮನೆ ಅಡವಿಟ್ಟು ಸಾಲ ಮಾಡಿದ್ದರು ಎಂಬ ಕಾಗದ ಹುಟ್ಟಿಕೊಂಡಿತ್ತು. ಅದರ ಮೇಲೆ ಫ್ಲಾರಿಡಾದ ನೋಟರಿಯೊಬ್ಬರ ಹೆಸರು, ಸೀಲು. ನಾನು ಅವರನ್ನು ಕಂಡೇ ಇಲ್ಲ ಎಂದು ಆ ನೋಟರಿ ಪ್ರಮಾಣ ಮಾಡಿ ಹೇಳಿದರು. ಕೋರ್ಟ್ ಹರಾಜು ತಡೆಯಿತು, ಕಾಗದ ಸೃಷ್ಟಿಸಿದವರು ಆಮೇಲೆ ತಪ್ಪೊಪ್ಪಿಕೊಂಡರು. ಇಲ್ಲಿ ಗಮನಿಸಬೇಕಾದ್ದು ಬೇರೆಯೇ ಇದೆ. ಫ್ಲಾರಿಡಾದಲ್ಲಿ ಮಾಮೂಲಿ ನೋಟರಿಗೆ ಜರ್ನಲ್ ಪುಸ್ತಕ ಕಡ್ಡಾಯವಲ್ಲ, ಆನ್‌ಲೈನ್ ನೋಟರಿಗೆ ಕಡ್ಡಾಯ. ವಿಡಿಯೊ ಬೇರೆ ಉಳಿದಿರುತ್ತದೆ. ಸೀಲನ್ನು ಯಾರು ಬೇಕಾದರೂ ಮಾಡಿಸಬಹುದು. ಆ ದಿನ ಏನಾಯಿತು ಎನ್ನುವ ದಾಖಲೆ ಉಳಿದಿದ್ದರೆ ಮಾತ್ರ ಸುಳ್ಳು ಬೇಗ ಬಯಲಾಗುತ್ತದೆ. ಇತ್ತ ಮುಖವನ್ನೂ ದನಿಯನ್ನೂ ಕಂಪ್ಯೂಟರ್ ನಕಲು ಮಾಡುವ ಕಾಲದಲ್ಲಿ ಪರದೆಯ ಮೇಲೆ ಕಂಡವರನ್ನು ನಂಬುವುದೂ ಕಷ್ಟವಾಗುತ್ತಿದೆ.

ಕ್ಯಾಲಿಫೋರ್ನಿಯಾ ಅದಕ್ಕೇ ನಿಧಾನ ಮಾಡುತ್ತಿದೆಯೋ ಏನೋ, 2023ರಲ್ಲೇ ಆನ್‌ಲೈನ್ ನೋಟರಿ ಕಾನೂನು ಮಾಡಿದರೂ ತನ್ನ ನೋಟರಿಗಳಿಗೆ ಇನ್ನೂ ಬಾಗಿಲು ತೆರೆದಿಲ್ಲ. ರಾಜ್ಯದ ಕಂಪ್ಯೂಟರ್ ವ್ಯವಸ್ಥೆ ಸಿದ್ಧವಾಗಬೇಕು. ಕಾನೂನಿನಲ್ಲಿರುವ ಗಡುವು 2030ರ ಜನವರಿ 1. ಅಲ್ಲಿಯವರೆಗೆ ಬೇರೆ ರಾಜ್ಯದ ನೋಟರಿ ತನ್ನ ಕಾನೂನಿನಂತೆ ಆನ್‌ಲೈನ್‌ನಲ್ಲಿ ಮಾಡಿದ್ದನ್ನು ಒಪ್ಪುತ್ತದೆ. ಆದ್ದರಿಂದ ‘ಕ್ಯಾಲಿಫೋರ್ನಿಯಾದಲ್ಲಿ ಕೂತು ಆನ್‌ಲೈನ್ ನೋಟರಿ ಆಗಿ’ ಎಂದು ಯಾರಾದರೂ ಈಗಲೇ ಕೋರ್ಸ್ ಮಾರಿದರೆ ದುಡ್ಡು ಕೊಡಬೇಡಿ.

ದುಡ್ಡಿನ ಮಾತು ಬಂದದ್ದಕ್ಕೆ ಹೇಳುತ್ತೇನೆ, ಇದನ್ನೇ ನಂಬಿ ಸಂಸಾರ ನಡೆಸುತ್ತೇನೆ ಎಂದು ಹೊರಡಬೇಡಿ. ಒಂದು ಸಹಿಗೆ ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚೆಂದರೆ 15 ಡಾಲರ್, ನ್ಯೂಯಾರ್ಕ್‌ನಲ್ಲಿ ಬರೀ 2. ಆನ್‌ಲೈನ್ ಆದರೆ ಟೆಕ್ಸಸ್, ನ್ಯೂಯಾರ್ಕ್‌ಗಳಲ್ಲಿ 25ರವರೆಗೆ ತೆಗೆದುಕೊಳ್ಳಬಹುದು, ಆದರೆ ವೇದಿಕೆಯ ಖರ್ಚು ಅದರಲ್ಲೇ ಹೋಗಬೇಕು. ಮನೆ ಸಾಲದ ಕಾಗದಗಳಿಗೆ ಸಹಿ ಹಾಕಿಸುವ ಕೆಲಸದಲ್ಲಿ ಜಾಸ್ತಿ ಸಿಗುತ್ತದೆ ನಿಜ. 2021ರಲ್ಲಿ 30 ವರ್ಷದ ಗೃಹಸಾಲದ ಬಡ್ಡಿ ಶೇ. 3ರ ಆಸುಪಾಸಿನಲ್ಲಿದ್ದಾಗ ಎಲ್ಲರೂ ಸಾಲ ಬದಲಾಯಿಸಿಕೊಳ್ಳುತ್ತಿದ್ದರು, ನೋಟರಿಗಳಿಗೆ ಕೈತುಂಬ ಕೆಲಸ. 2023ರ ಅಕ್ಟೋಬರ್ ಹೊತ್ತಿಗೆ ಬಡ್ಡಿ ಶೇ. 8ರ ಹತ್ತಿರ ಹೋಯಿತು, ಕೆಲಸ ಬತ್ತಿತು.

ನಮ್ಮ ದೊಡ್ಡಮ್ಮನ ಕಾಗದ ಏನಾಯಿತು ಅಂದರೆ, ಅಕ್ಕ ಕನ್ನಡ ಕೂಟದ ಪರಿಚಯದವರನ್ನೆಲ್ಲ ಕೇಳಿ, ಸನಿವೇಲ್‌ನಲ್ಲಿ ಒಬ್ಬ ಕನ್ನಡತಿ ನೋಟರಿಯನ್ನು ಪತ್ತೆ ಮಾಡಿದಳು. ಶನಿವಾರ ಮನೆಗೇ ಬಂದರು. ಮೊದಲು ಅಕ್ಕನನ್ನೂ ನನ್ನನ್ನೂ ಆಚೆ ಕಳಿಸಿದರು. ‘ಅಮ್ಮ, ಇದು ಏನು ಕಾಗದ ಅಂತ ನಿಮಗೆ ಗೊತ್ತಾ? ಯಾರಾದರೂ ಬಲವಂತ ಮಾಡಿದರಾ?’ ಎಂದು ಕೇಳಿದ್ದು ಅಡುಗೆಮನೆಗೆ ಕೇಳಿಸಿತು. ದೊಡ್ಡಮ್ಮ ಅಷ್ಟು ದಿನ ನಮ್ಮನ್ನು ಕೇಳದ ಪ್ರಶ್ನೆಯನ್ನು ಅವರನ್ನು ಕೇಳಿದರು. ‘ಇದರಲ್ಲಿ ಮಾರೋ ಹಕ್ಕೂ ಕೊಟ್ಟ ಹಾಗಾಗುತ್ತಾ? ನಾನು ಭಾಗ ಮಾಡಿಸೋಕೆ ಮಾತ್ರ ಅಂದುಕೊಂಡಿದ್ದೆ.’

‘ಅದನ್ನ ನಾನು ಹೇಳೋ ಹಾಗಿಲ್ಲ ಅಮ್ಮ, ವಕೀಲರನ್ನ ಕೇಳಿ. ಅನುಮಾನ ಇದ್ದರೆ ಇವತ್ತು ಸಹಿ ಬೇಡ’ ಎಂದು ಅವರು ಎದ್ದರು. ಅವತ್ತು ಶುಲ್ಕವನ್ನೂ ತೆಗೆದುಕೊಳ್ಳಲಿಲ್ಲ. ಅಕ್ಕ ಹಾಸನಕ್ಕೆ ಫೋನ್ ಮಾಡಿದಳು. ಮಾರುವ ಹಕ್ಕು ಇತ್ತು. ವಕೀಲರು ಆ ಸಾಲು ತೆಗೆದು ಹೊಸ ಡ್ರಾಫ್ಟ್ ಕಳಿಸಿದರು. ಮುಂದಿನ ಶನಿವಾರ ನೋಟರಿ ಮತ್ತೆ ಬಂದರು, ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದರು, ದೊಡ್ಡಮ್ಮನ ಸಹಿ ಆದ ಮೇಲೆ ಬಲಗೈ ಹೆಬ್ಬೆಟ್ಟನ್ನು ಪುಸ್ತಕಕ್ಕೆ ಒತ್ತಿಸಿಕೊಂಡು 15 ಡಾಲರ್ ಬರೆದುಕೊಂಡರು. ಕಾಗದ ಅಪಾಸ್ಟಿಲ್‌ಗೆ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊಗೆ ಹೋಯಿತು. ಅಲ್ಲಿಂದ ಹಾಸನಕ್ಕೆ.